‘ಯಾಕೋ ಮನಸ್ಸ ಹತ್ತವಲ್ದು’: ನಡುವಯಸ್ಸಿನಲ್ಲಿ ದಾರಿ ಹುಡುಕುವ ನೂರು ದಿನದ ಕ್ರಮ

ಪಗಾರ ಬರುತ್ತಿದೆ, ಮನೆ ಕಟ್ಟಿಯಾಗಿದೆ, ಮಗಳು ಬೆಂಗಳೂರಿಗೋ ಪುಣೆಗೋ ಓದಲು ಹೋಗಿದ್ದಾಳೆ. ಆದರೂ ಮುಂಜಾನೆ ಚಿಗರಿ ಬಸ್ಸಿನಲ್ಲಿ ಕೂತು ನವನಗರ ದಾಟುವಷ್ಟರಲ್ಲಿ ಒಳಗಿನಿಂದ ಒಂದು ಮಾತು ಏಳುತ್ತದೆ: ‘ಇಷ್ಟ ಏನ?’ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಇದಕ್ಕೆ ಮಿಡ್‌ಲೈಫ್ ಕ್ರೈಸಿಸ್ ಎನ್ನುವವರು ಕಡಿಮೆ. ‘ಯಾಕೋ ಮನಸ್ಸ ಹತ್ತವಲ್ದು’, ‘ಯಾವುದರಾಗೂ ರುಚಿ ಇಲ್ಲ’ ಎನ್ನುತ್ತಾರೆ. ಆ ಇಂಗ್ಲಿಷ್ ಹೆಸರು ಬಳಕೆಗೆ ಬಂದದ್ದು ಕೆನಡಾ ಮೂಲದ ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ 1965ರಲ್ಲಿ ಬರೆದ ಒಂದು ಲೇಖನದಿಂದ. ಬದುಕಿಗೆ ಒಂದು ಕೊನೆಯಿದೆ ಎಂಬುದು ಬರೀ ತಿಳಿವಳಿಕೆಯಾಗಿ ಉಳಿಯದೆ ಮನಸ್ಸಿಗೆ ತಟ್ಟುವ ವಯಸ್ಸು ಇದು ಎನ್ನುವುದು ಅವರ ವಿಚಾರ. ಇದು ರೋಗವಲ್ಲ, ಎಲ್ಲರಿಗೂ ಬರುವಂಥದ್ದೂ ಅಲ್ಲ. ಬಂದವರಿಗೆ ಮಾತ್ರ ಬಲು ಒಂಟಿತನದ ಸಂಕಟ.

ಈ ಕ್ರಮದ ಹಿಂದಿನ ನಂಬಿಕೆ ಒಂದೇ. ದಾರಿ ಎನ್ನುವುದು ಕಟ್ಟೆಯ ಮೇಲೆ ಕೂತು ಯೋಚಿಸಿದರೆ ಸಿಗುವುದಿಲ್ಲ, ವಾರಕ್ಕೆ 5 ತಾಸು ಕೈಹಾಕಿ ಕೆಲಸ ಮಾಡಿದರೆ ಸಿಗುತ್ತದೆ. ಅದಕ್ಕೂ ಮೊದಲು ದೇಹ, ದುಡ್ಡು, ಮನೆ ಮೂರನ್ನೂ ಬೇರೆ ಬೇರೆ ಮಾಡಿ ನೋಡಬೇಕು. ಮೂರೂ ಒಂದಕ್ಕೊಂದು ಸುತ್ತಿಕೊಂಡಿರುವಾಗ ತೆಗೆದುಕೊಂಡ ತೀರ್ಮಾನ ಹೆಚ್ಚಾಗಿ ತಪ್ಪು ಗಂಟನ್ನೇ ಕತ್ತರಿಸುತ್ತದೆ.

ಲೆಕ್ಕ ಹೀಗೆ: ಮೊದಲ 2 ವಾರ ತಪಾಸಣೆ ಮತ್ತು ದಾಖಲೆ, 3ನೇ ವಾರ ಮನೆಯವರೊಂದಿಗೆ ಮಾತು, ಆಮೇಲೆ 11 ವಾರ ಪ್ರಯೋಗ. ಒಟ್ಟು 14 ವಾರ, ಅಂದರೆ 98 ದಿನ. ಈ ಅವಧಿಯಲ್ಲಿ ರಾಜೀನಾಮೆ ಕೊಡಬೇಡಿ, ಹೊಲ ಅಥವಾ ಪ್ಲಾಟು ಮಾರಬೇಡಿ, ಹೊಸ ಸಾಲ ಎತ್ತಬೇಡಿ, ಯಾರಿಗೂ ಜಾಮೀನು ನಿಲ್ಲಬೇಡಿ. ಕೊನೆಯದನ್ನು ಒತ್ತಿ ಹೇಳುತ್ತೇವೆ. ನಡುವಯಸ್ಸಿನ ಬೇಸರದಲ್ಲಿದ್ದವರಿಗೆ ಬೀಗರೋ ಗೆಳೆಯರೋ ಹೊಸ ಧಂದೆಯ ಮಾತು ತಂದಾಗ ಅದೇ ಹೊಸ ಹುರುಪಿನಂತೆ ಕಾಣುತ್ತದೆ. ಸಹಿ ಬಿದ್ದ ಮೇಲೆ ಹುರುಪು ಆರಿಹೋಗುತ್ತದೆ, ಕಂತು ಉಳಿಯುತ್ತದೆ.

ಮೊದಲು ದೇಹ

ಸುಸ್ತು, ನಿದ್ದೆಗೇಡು, ಸಿಟ್ಟು, ಮರೆವು, ಯಾವುದೂ ಬೇಡ ಎನ್ನಿಸುವುದು ಇವೆಲ್ಲ ಬದುಕಿನ ಪ್ರಶ್ನೆಯಿಂದಲೂ ಬರುತ್ತವೆ, ಥೈರಾಯ್ಡ್ ಏರುಪೇರಾದರೂ ಬರುತ್ತವೆ. ಹೊರಗಿನಿಂದ ನೋಡಿ ಗುರುತು ಹಿಡಿಯಲಾಗದು. ಆದ್ದರಿಂದ ಮೊದಲ ವಾರದಲ್ಲೇ ನಿಮ್ಮ ವೈದ್ಯರನ್ನು ಕಂಡು ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ), ವಿಟಮಿನ್ ಬಿ12, ವಿಟಮಿನ್ ಡಿ ಪರೀಕ್ಷೆಯ ಬಗ್ಗೆ ಕೇಳಿ, ಬಿಪಿ ನೋಡಿಸಿ. ಎಚ್‌ಬಿಎ1ಸಿ ಶೇಕಡಾ 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮತ್ತು ಮೇಲಿದ್ದರೆ ಕಾಯಿಲೆ ಎಂದು ಎಣಿಕೆ. ಮಾಂಸ ತಿನ್ನದ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದು ಕಡಿಮೆಯಾದರೆ ಮನಸ್ಸೂ ಮಂಕಾಗುತ್ತದೆ. ಜೋರಾಗಿ ಗೊರಕೆ ಹೊಡೆದು, ಎದ್ದಮೇಲೂ ದಣಿವು ಆರದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ ಹಗಲೆಲ್ಲ ತಲೆ ಭಾರವಾಗಿಯೇ ಇರುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಆಸುಪಾಸು. ಅದಕ್ಕೂ ಕೆಲವು ವರ್ಷ ಮೊದಲೇ ಹಾರ್ಮೋನು ಏರಿಳಿದು ಮೈ ಬಿಸಿಯಾಗುವುದು, ನಡುರಾತ್ರಿ ಎಚ್ಚರ, ಕಾರಣವಿಲ್ಲದ ಅಳು ಶುರುವಾಗಬಹುದು. ‘ಈ ವಯಸ್ಸಿನ್ಯಾಗ ಎಲ್ಲಾರಿಗೂ ಆಗೂದ’ ಎಂದು ಮನೆಯ ಹಿರಿಯರು ಹೇಳಿದರೆ ಅದು ನಿಜ. ಆದರೆ ಅದಕ್ಕೆ ಚಿಕಿತ್ಸೆ ಇದೆ ಎನ್ನುವುದೂ ಅಷ್ಟೇ ನಿಜ. ಸ್ತ್ರೀರೋಗ ತಜ್ಞರನ್ನು ಕಾಣಲು ಸಂಕೋಚ ಬೇಡ.

ಈಗ ಎರಡು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿತ್ತೆ? ಮೊದಲು ಇಷ್ಟಪಡುತ್ತಿದ್ದದ್ದರಲ್ಲಿ ಆಸಕ್ತಿ ಹೋಗಿತ್ತೆ? ಎರಡರಲ್ಲಿ ಒಂದಕ್ಕಾದರೂ ಹೌದು ಎಂದಾದರೆ, ಜೊತೆಗೆ ಊಟ-ನಿದ್ದೆ ಕೆಟ್ಟಿದ್ದರೆ, ಮುಂದಿನ ಹಂತಗಳನ್ನು ಬದಿಗಿಟ್ಟು ಮನೋವೈದ್ಯರನ್ನು ಕಾಣಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆ, ಅಲ್ಲಿ ಹೊರರೋಗಿ ವಿಭಾಗವಿದೆ. ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಎನ್ನುತ್ತಿದ್ದ, ಈಗಿನ ಕೆಎಂಸಿಆರ್‌ಐ ಸರ್ಕಾರಿ ಆಸ್ಪತ್ರೆ ಇದೆ. ಗದಗ, ಹಾವೇರಿಯವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗುಳಿಗೆ ಕೊಟ್ಟರೆ ಅದು ಕೆಲಸ ಮಾಡಲು ಕೆಲವು ವಾರ ಬೇಕು. ಐದನೇ ದಿನಕ್ಕೆ ‘ಏನೂ ಫರಕ ಇಲ್ಲ’ ಎಂದು ಬಿಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಸಾಯುವ ವಿಚಾರ ಒಮ್ಮೆ ಸುಳಿದರೂ ಅದೇ ದಿನ ಮನೆಯ ಒಬ್ಬರಿಗೆ ಹೇಳಿ. ಕೇಳಿಸಿಕೊಂಡವರು ಮಾಡಬೇಕಾದ ಮೊದಲ ಕೆಲಸ, ಮನೆಯಲ್ಲೂ ಹೊಲದ ಗುಡಿಸಲಲ್ಲೂ ಇರುವ ಬೆಳೆಗೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಡಬ್ಬಿಗಳನ್ನು ಅಲ್ಲಿಂದ ಸಾಗಿಸಿ ಬೇರೆಯವರ ಕೈಯಲ್ಲಿ ಕೀಲಿ ಹಾಕಿಸುವುದು. ಇಂಥ ಗಳಿಗೆ ಬಹಳ ಸಲ ತಾಸಿನೊಳಗೆ ಇಳಿದುಹೋಗುತ್ತದೆ. ಆ ತಾಸಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಹದಿನಾಲ್ಕು ದಿನದ ವಹಿ

100 ಪುಟದ ಸಾದಾ ನೋಟ್‌ಬುಕ್ ಸಾಕು. ಮೊಬೈಲ್ ಬೇಡ, ಅದರಲ್ಲಿ ಬರೆಯಲು ಹೋದರೆ ಬೇರೇನೋ ನೋಡುತ್ತ ಕೂಡುತ್ತೀರಿ. ದಿನಕ್ಕೆ 5ರಿಂದ 7 ಸಾಲು. ಪ್ರತಿ ಸಾಲಿನಲ್ಲಿ ಹೊತ್ತು, ಮಾಡಿದ ಕೆಲಸ, ಜೊತೆಗಿದ್ದವರು, ಕೊನೆಗೆ ಒಂದು ಅಂಕಿ: ಜೀವ ತುಂಬಿತು ಎಂದರೆ +2, ಸ್ವಲ್ಪ ಹಿತ +1, ಏನೂ ಇಲ್ಲ 0, ಸ್ವಲ್ಪ ಹಿಂಡಿತು −1, ಪೂರಾ ಹಿಂಡಿತು −2. ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ 22 ವರ್ಷ ತೆಗೆದ 46ರ ಸೂಪರ್‌ವೈಸರ್ ಒಬ್ಬರ ಪುಟ ಹೀಗಿರಬಹುದು:

ಮಂಗಳವಾರ. 10.30, ಬಾಕಿ ಬಿಲ್ಲಿನ ಪಟ್ಟಿ, ಒಬ್ಬನೇ: −1.
12.00, ಹೊಸ ಹುಡುಗನಿಗೆ ಲೇಥಿನ ಮೇಲೆ ಟೂಲ್ ಕೂಡಿಸುವುದು ತೋರಿಸಿದ್ದು, 40 ನಿಮಿಷ: +2.
3.00, ಮೀಟಿಂಗ್, ಎಂಟು ಜನ: −2.
6.45, ಉಣಕಲ್ ಕೆರೆ ದಂಡೆ, ಒಬ್ಬನೇ ಅಡ್ಡಾಡಿದ್ದು: +1.
9.30, ಮೊಬೈಲ್, ಒಂದೂವರೆ ತಾಸು: −1. ನಿದ್ದಿ ಬರಲಿಲ್ಲ.

ಕೆಲಸ ಮುಗಿದ ಅರ್ಧ ತಾಸಿನೊಳಗೆ ಅಂಕಿ ಹಾಕಿ. ರಾತ್ರಿ ಮಲಗುವ ಮುಂಚೆ ಎಲ್ಲ ಒಟ್ಟಿಗೆ ಬರೆದರೆ ಇಡೀ ದಿನಕ್ಕೆ ಸಂಜೆಯ ಬಣ್ಣವೇ ಬೀಳುತ್ತದೆ. ಮತ್ತೆ, ‘ನನ್ನ ಜೀವನ ವ್ಯರ್ಥ’ ಎಂಬಂಥ ಮಾತು ಇಲ್ಲಿ ಬರೆಯಬೇಡಿ. ಅದು ತೀರ್ಪು. ವಹಿಗೆ ಬೇಕಾದದ್ದು ಘಟನೆ.

15ನೇ ದಿನ ಕೂತು +2 ಎಲ್ಲಕ್ಕೂ ಹಸಿರು, −2 ಎಲ್ಲಕ್ಕೂ ಕೆಂಪು ಗೆರೆ ಎಳೆಯಿರಿ. ಹಸಿರು ಗೆರೆಗಳಲ್ಲಿ ಪದೇ ಪದೇ ಬರುವುದು ಏನು? ಮೇಲಿನ ಪುಟದಲ್ಲಿ ಅದು ಕಲಿಸುವುದು. ಆ ಮನುಷ್ಯ ತನಗೆ ಕಾರ್ಖಾನೆಯೇ ಬೇಸರ ಎಂದು ತಿಳಿದಿದ್ದ. ಲೇಥ್ ಅವನಿಗೆ ಇನ್ನೂ ಪ್ರಿಯವೇ, ಬೇಸರ ಬಂದದ್ದು ಪಟ್ಟಿ ಮತ್ತು ಮೀಟಿಂಗಿಗೆ. ಬಡ್ತಿ ಸಿಕ್ಕಷ್ಟೂ ಕೈಗೆಲಸ ದೂರವಾಗಿ ಕಾಗದ ಹತ್ತಿರವಾಗುತ್ತದೆ. ನಡುವಯಸ್ಸಿನ ಬರಿದುತನಕ್ಕೆ ಇದು ಬಹಳ ಸಾಮಾನ್ಯ ಕಾರಣ, ಆದರೂ ಯಾರೂ ಇದನ್ನು ಕಾರಣ ಎಂದು ಎಣಿಸುವುದಿಲ್ಲ.

ಕೆಂಪು ಗೆರೆಗಳನ್ನು ಇನ್ನೊಂದು ಬಗೆಯಲ್ಲಿ ಓದಿ. ಎಲ್ಲ ಕೆಂಪೂ ಒಬ್ಬನೇ ಮನುಷ್ಯನ ಸುತ್ತ ಇದ್ದರೆ ಅದು ಬದುಕಿನ ಪ್ರಶ್ನೆಯಲ್ಲ, ಆ ಮನುಷ್ಯನ ಪ್ರಶ್ನೆ. ವಿಭಾಗ ಬದಲಾಯಿಸಿಕೊಂಡರೆ ಮುಗಿಯಬಹುದು. ಕೆಂಪು ಗೆರೆಗಳು ಮನೆಯಲ್ಲಿರುವ ಹೊತ್ತಿನಲ್ಲೇ ಇದ್ದರೆ ನೌಕರಿ ಬಿಟ್ಟರೂ ಏನೂ ಸರಿಯಾಗದು. ಹಸಿರೇ ಇಲ್ಲದಿದ್ದರೆ ಹಿಂದಿನ ಹಂತದ ಎರಡು ಪ್ರಶ್ನೆಗಳಿಗೆ ಮರಳಿ.

ಎರಿಕ್ ಎರಿಕ್ಸನ್ ಎಂಬ ಮನೋವಿಜ್ಞಾನಿ ನಡುವಯಸ್ಸಿನ ಮುಖ್ಯ ಹಸಿವು ಮುಂದಿನ ತಲೆಮಾರಿಗೆ ಏನಾದರೂ ದಾಟಿಸುವುದು, ಅದಾಗದಿದ್ದರೆ ಮನುಷ್ಯ ನಿಂತ ನೀರಾಗುತ್ತಾನೆ ಎಂದರು. ನಿಮ್ಮ ಹಸಿರು ಗೆರೆಗಳಲ್ಲಿ ‘ತೋರಿಸಿದೆ’, ‘ಕಲಿಸಿದೆ’, ‘ನೆಟ್ಟೆ’, ‘ರಿಪೇರಿ ಮಾಡಿಕೊಟ್ಟೆ’ ಎಂಬ ಕ್ರಿಯಾಪದಗಳು ಎಷ್ಟಿವೆ ನೋಡಿ.

ಖರ್ಚಿನ ಕಾಗದ

ಇದನ್ನು ತಪ್ಪಿಸಿದವರೇ ಆಮೇಲೆ ತೊಂದರೆಗೆ ಸಿಲುಕುವುದು. ತಿಂಗಳ ಖರ್ಚು ಎಲ್ಲರಿಗೂ ಬಾಯಲ್ಲಿರುತ್ತದೆ, ವರ್ಷಕ್ಕೊಮ್ಮೆ ಬರುವುದು ಮರೆತಿರುತ್ತದೆ. ಕಾಗದವನ್ನು ಎರಡು ಭಾಗ ಮಾಡಿ. ಎಡಕ್ಕೆ ತಿಂಗಳದ್ದು: ಕಿರಾಣಿ, ಹಾಲು, ಕರೆಂಟು, ಪೆಟ್ರೋಲು, ಅಪ್ಪ-ಅವ್ವನ ಔಷಧ, ಗೃಹಸಾಲದ ಕಂತು, ಭಿಶಿ (ಚೀಟಿ). ಬಲಕ್ಕೆ ವರ್ಷದ್ದು: ಕಾಲೇಜು ಫೀ, ವಿಮೆ, ಮನೆ ಕರ, ದೀಪಾವಳಿ ಬಟ್ಟೆ, ಜಾತ್ರೆ, ಮದುವೆ-ಕುಬಸ-ಜವಳದ ಆಯೇರಿ (ಉಡುಗೊರೆ). ನಮ್ಮ ಕಡೆ ಆಯೇರಿ ಚಿಕ್ಕ ಮೊತ್ತವಲ್ಲ. ಕಳೆದ ವರ್ಷದ ಲಗ್ನಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕೂಡಿಸಿ.

ಎಡಭಾಗ 31,000 ರೂಪಾಯಿ, ಬಲಭಾಗ 1,08,000 ಎಂದುಕೊಳ್ಳಿ. ಬಲದ್ದನ್ನು 12ರಿಂದ ಭಾಗಿಸಿದರೆ 9,000. ನಿಮ್ಮ ನಿಜವಾದ ತಿಂಗಳ ಖರ್ಚು 31,000 ಅಲ್ಲ, 40,000. ಇದ್ದ ಕೆಲಸ ಬಿಟ್ಟು ಹೊಸದಕ್ಕೆ ಕಾಲಿಡಬೇಕೆಂದರೆ 18 ತಿಂಗಳ ಖರ್ಚು, ಅಂದರೆ 7,20,000 ರೂಪಾಯಿ, ಹೊಲ-ಬಂಗಾರ-ಪಿಎಫ್ ಮುಟ್ಟದೆ ಕೈಯಲ್ಲಿರಬೇಕು ಎಂಬುದು ನಮ್ಮ ಅಭಿಪ್ರಾಯ. 6 ತಿಂಗಳದ್ದು ಸಾಕು ಎನ್ನುವವರಿದ್ದಾರೆ. ಅದು ಕೆಲಸ ಹೋದವರು ಅಂಥದ್ದೇ ಕೆಲಸ ಹುಡುಕುವಾಗ ಸಾಲಬಹುದು. ಹೊಸ ಕಸುಬು ಕಾಲೂರಲು ಒಂದು ವರ್ಷವಾದರೂ ಬೇಕು.

ಇನ್ನೆರಡು ಕಾಣದ ಗುಂಡಿಗಳಿವೆ. ಪಿಎಫ್ ಜೊತೆಗಿನ ತಿಂಗಳ ಪಿಂಚಣಿಗೆ ಕನಿಷ್ಠ 10 ವರ್ಷ ಸೇವೆ ಬೇಕು. ಒಂಬತ್ತರಲ್ಲಿದ್ದೀರಾ ಎಂದು ಪಾಸ್‌ಬುಕ್ ನೋಡಿಕೊಳ್ಳಿ. ಮತ್ತೆ, ಕಂಪನಿಯ ಗುಂಪು ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಬಿಪಿ, ಸಕ್ಕರೆ ಇದ್ದವರು ಹೊಸ ಪಾಲಿಸಿ ಮಾಡಿಸಿದರೆ ಆ ಕಾಯಿಲೆಗೆ 36 ತಿಂಗಳವರೆಗೂ ಕಾಯಿಸಬಹುದು. ಕೆಲಸ ಬಿಡುವ ವಿಚಾರ ಗಟ್ಟಿಯಾಗುವ ಮೊದಲೇ ಸ್ವಂತ ಪಾಲಿಸಿ ಶುರು ಮಾಡಿ.

ಮನೆಯಲ್ಲಿ ಮಾತು

ಊಟಕ್ಕೆ ಕೂತಾಗ, ಮಕ್ಕಳ ಮುಂದೆ ಬೇಡ. ಇಬ್ಬರೇ ನುಗ್ಗಿಕೇರಿಗೋ ಸಿದ್ಧಾರೂಢರ ಮಠಕ್ಕೋ ಹೋಗಿ ಬರುವಾಗ ಮಾತಾಡಿ. ನಡೆಯುವಾಗ ಮುಖ ನೋಡಬೇಕಾಗಿಲ್ಲದ್ದರಿಂದ ಮಾತು ಸಲೀಸು. ಖರ್ಚಿನ ಕಾಗದ ಜೇಬಿನಲ್ಲಿರಲಿ. ‘ನನಗೆ ಜೀವನ ಸಾಕಾಗಿದೆ’ ಎಂದು ಶುರು ಮಾಡಿದರೆ ಎದುರಿನವರಿಗೆ ಕೇಳಿಸುವುದು ‘ನೀನು ಸಾಕಾಗಿದ್ದೀ’ ಎಂದು. ಅವರು ‘ರೀ, ನೌಕರಿ ಬಿಡ್ತೀರೇನು?’ ಎಂದು ಗಾಬರಿಯಾಗುವ ಮೊದಲೇ ಹೇಳಬೇಕಾದದ್ದು ಇಷ್ಟು: ‘ನೌಕರಿ ಬಿಡೂದಿಲ್ಲ. ನಿನ್ನ ಮ್ಯಾಲ ಸಿಟ್ಟೂ ಇಲ್ಲ. ಮೂರು ತಿಂಗಳ ಮಟ್ಟಿಗೆ ವಾರಕ್ಕ ಐದು ತಾಸು ನನಗ ಬೇಕು. ನೀನೂ ಐದು ತಾಸು ತಗೋ, ಅವಾಗ ಮನಿ ನಾ ನೋಡ್ಕೋತೀನಿ.’

ಕೊನೆಯ ಸಾಲು ಒಪ್ಪಂದದ ಅರ್ಧಭಾಗ, ಬಿಡಬೇಡಿ. ಹೆಂಗಸರ ಪ್ರಯೋಗ ನಿಂತುಹೋಗುವುದು ಆಸಕ್ತಿ ಇಲ್ಲದೆ ಅಲ್ಲ. ಆ ಐದು ತಾಸಿನಲ್ಲೇ ಗ್ಯಾಸಿನವನು ಬರುತ್ತಾನೆ, ಅತ್ತೆಯ ಗುಳಿಗೆ ನೆನಪಾಗುತ್ತದೆ, ನೆಂಟರು ಬಾಗಿಲು ಬಡಿಯುತ್ತಾರೆ. ಪರಿಹಾರ ಒಂದೇ: ಪ್ರಯೋಗ ಮನೆಯ ಹೊರಗೆ ನಡೆಯಬೇಕು, ದಿನ ಮತ್ತು ಹೊತ್ತು ಗೊತ್ತಾಗಿರಬೇಕು, ಆ ದಿನದ ರೊಟ್ಟಿ ಯಾರು ಮಾಡುತ್ತಾರೆ ಅಥವಾ ಯಾವ ಖಾನಾವಳಿಯಿಂದ ತರುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು.

ಹನ್ನೊಂದು ವಾರದ ಪ್ರಯೋಗ

ವಹಿಯ ಹಸಿರು ಗೆರೆಗಳಿಂದ ಒಂದನ್ನೇ ಆರಿಸಿ. ಎರಡು ಹಿಡಿದರೆ ಎರಡೂ ಅರ್ಧವಾಗುತ್ತವೆ. ವಾರಕ್ಕೆ 5 ತಾಸಿನಂತೆ 11 ವಾರಕ್ಕೆ 55 ತಾಸು. ಪ್ರತಿ ಸಲದ ಕೆಲಸಕ್ಕೂ ವಹಿಯಲ್ಲಿ ಹಾಕಿದಂತೆಯೇ ಅಂಕಿ ಹಾಕುತ್ತ ಹೋಗಿ. ಒಟ್ಟು ಖರ್ಚು ಒಂದು ತಿಂಗಳ ಪಗಾರದ ಹತ್ತನೇ ಒಂದು ಭಾಗ ಮೀರಬಾರದು. ಈ ಮಿತಿಗೆ ಕಾರಣವಿದೆ. ದುಡ್ಡು ಜಾಸ್ತಿ ಸುರಿದರೆ, ಇಷ್ಟವಾಗದಿದ್ದರೂ ‘ಇಷ್ಟು ಹಾಕಿದೀನಿ’ ಎಂದು ಎಳೆಯುತ್ತ ಹೋಗುತ್ತೀರಿ. ಹಾಡು ಕಲಿಯಬೇಕೆಂದವರು ಮೊದಲ ದಿನವೇ ಹಾರ್ಮೋನಿಯಂ ಕೊಳ್ಳುವುದು ಬೇಡ, 11 ವಾರ ಗುರುಗಳ ಮನೆಯದ್ದರ ಮೇಲೆಯೇ ಬೆರಳು ಆಡಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಸಂಗೀತ ಪರಂಪರೆಯ ದೆಸೆಯಿಂದ ಈ ಭಾಗದಲ್ಲಿ ಕಲಿಸುವವರಿಗೇನೂ ಬರವಿಲ್ಲ.

ಆ ಸೂಪರ್‌ವೈಸರ್ ಮಾಡಬಹುದಾದದ್ದು: ರವಿವಾರ ಮೂರು ತಾಸು, ಬುಧವಾರ ಸಂಜೆ ಎರಡು ತಾಸು, ಐಟಿಐ ಓದುವ ಇಬ್ಬರು ಮೂವರು ಹುಡುಗರಿಗೆ ಡ್ರಾಯಿಂಗ್ ಓದುವುದು, ವರ್ನಿಯರ್ ಹಿಡಿಯುವುದು ಕಲಿಸುವುದು. ಖರ್ಚು ಚಹಾದ್ದು ಮಾತ್ರ. ಓದು ಅರ್ಧಕ್ಕೆ ಬಿಟ್ಟವರಿಗೆ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿದೆ. ಆದರೆ ಫೀ ಕಟ್ಟುವ ಮೊದಲು ಅದೇ ವಿಷಯದ ಹಳೆಯ ಪಠ್ಯ ತಂದು 55 ತಾಸು ಓದಿ ನೋಡಿ. ವಯಸ್ಸಾಯಿತು ಎನ್ನುವವರು ಸಾಧನಕೇರಿಯ ಬೇಂದ್ರೆಯವರನ್ನು ನೆನೆಯಲಿ. 1896ರಲ್ಲಿ ಹುಟ್ಟಿದ ಅವರು ಸೊಲ್ಲಾಪುರದ ಕಾಲೇಜಿಗೆ ಕನ್ನಡ ಪ್ರಾಧ್ಯಾಪಕರಾಗಿ ಸೇರಿದ್ದು 1944ರಲ್ಲಿ, 48ನೇ ವಯಸ್ಸಿಗೆ. ಅದಕ್ಕೂ ಮೊದಲು ನೆಲೆಯಾದ ನೌಕರಿಯಿಲ್ಲದ ವರ್ಷಗಳನ್ನು ಅವರು ಕಂಡಿದ್ದರು.

ನಮ್ಮ ಭಾಗದಲ್ಲಿ ಅತಿ ಹೆಚ್ಚು ಕೇಳಿಬರುವ ಕನಸು ‘ಹೊಲಕ್ಕ ಹೊಳ್ಳಿ ಹೋಗೂದು’. ಆದ್ದರಿಂದ ಅದರ ಪ್ರಯೋಗವನ್ನು ಬಿಡಿಸಿ ಹೇಳುತ್ತೇವೆ. ಇದಕ್ಕೆ ಹಿಂಗಾರಿ ಕಡಲೆ ಸರಿಯಾದ ಬೆಳೆ. ಎರಿ ಭೂಮಿಯಲ್ಲಿ ಅಕ್ಟೋಬರಿನಲ್ಲಿ ಬಿತ್ತಿದರೆ ಜನವರಿ-ಫೆಬ್ರುವರಿಗೆ ಕೈಗೆ ಬರುತ್ತದೆ, ಸುಮಾರು ನೂರು ದಿನ. ಹೊಲದ ಪ್ರಯೋಗಕ್ಕಾಗಿ 11 ವಾರವನ್ನು ಒಂದು ಬೆಳೆಯ ಅವಧಿಗೆ ಹಿಗ್ಗಿಸಿ, ಖರ್ಚಿನ ಮಿತಿಯನ್ನೂ ಒಂದು ಎಕರೆಯ ಖರ್ಚಿನಷ್ಟಕ್ಕೆ ಸಡಿಲಿಸಿ. ಹತ್ತು ಎಕರೆ ಇದ್ದರೂ ಒಂದೇ ಎಕರೆ ನಿಮ್ಮ ಹೆಸರಿನಲ್ಲಿ, ಉಳಿದದ್ದು ಈಗ ಮಾಡುತ್ತಿರುವವರೇ ಮಾಡಲಿ. ಬೀಜ ಎಕರೆಗೆ 20ರಿಂದ 25 ಕಿಲೋ. ಬಿತ್ತುವ ಮುಂಚೆ ಸೆಪ್ಟೆಂಬರಿನಲ್ಲಿ ಸಾಮಾನ್ಯವಾಗಿ ನಡೆಯುವ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಒಂದು ದಿನ ಹೋಗಿ. ಮಣ್ಣಿನ ಪರೀಕ್ಷೆ, ತಳಿ, ಬೀಜೋಪಚಾರಕ್ಕೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ: ಧಾರವಾಡದವರಿಗೆ ಸೈದಾಪುರ, ಗದಗಿನವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿ.

ಇಲ್ಲಿ ಪರೀಕ್ಷೆಗೆ ಒಳಗಾಗುವುದು ಇಳುವರಿಗಿಂತ ನೀವು. ಬಿತ್ತಿದ ಒಂದು ತಿಂಗಳಿಗೆ ಕುಡಿ ಚಿವುಟಲು ಮುಂಜಾನೆ ಇಬ್ಬನಿಯಲ್ಲಿ ಇಳಿಯಬೇಕು. ಎಲೆಯ ಹುಳಿ ಬೆರಳ ತುದಿಗೆ ಹತ್ತಿ ಚುರುಗುಟ್ಟುತ್ತದೆ, ಸೊಂಟ ಹಿಡಿಯುತ್ತದೆ, ಮನೆಗೆ ಪಲ್ಯಕ್ಕಾಗುವಷ್ಟು ಸೊಪ್ಪು ಉಡಿ ತುಂಬುತ್ತದೆ. ಹೂ-ಕಾಯಿ ಹಂತದಲ್ಲಿ ಕಾಯಿಕೊರಕ ನೋಡಲು ವಾರಕ್ಕೆ ಎರಡು ಸಲವಾದರೂ ಹೋಗಬೇಕು. ಆಳು ಸಿಗದ ದಿನ ನೀವೇ ನಿಲ್ಲಬೇಕು. ರಾಶಿಯಾದ ಮೇಲೆ ಅಮರಗೋಳದ ಎಪಿಎಂಸಿಗೋ ಗದಗಿನ ಮಾರುಕಟ್ಟೆಗೋ ಚೀಲದ ಜೊತೆ ನೀವೇ ಹೋಗಿ, ಹಮಾಲಿ, ತೂಕ, ಬಾಡಿಗೆ ಕಳೆದು ಕೈಗೆ ಬಂದದ್ದನ್ನು ಬರೆಯಿರಿ. ಇಷ್ಟರ ನಂತರವೂ ಅಂಕಿ +1ರ ಮೇಲಿದ್ದರೆ ಹೊಲದ ಆಸೆ ನಿಜವಾದದ್ದು. ಕುಡಿ ಚಿವುಟುವ ದಿನಗಳಲ್ಲಿ ನೆಪ ಹೇಳಿ, ಹೊಲದಲ್ಲಿ ಎಡೆ ಚೆಲ್ಲಿ ಎಲ್ಲರೂ ಕೂತು ಉಣ್ಣುವ ಎಳ್ಳಮಾವಾಸ್ಯೆಯ ಚರಗಕ್ಕೆ ಮಾತ್ರ ಉಮೇದಿಯಿಂದ ಹೋಗಿದ್ದರೆ ನಿಮಗೆ ಬೇಕಾದದ್ದು ಬಯಲು, ಗಾಳಿ, ಬಂಧುಗಳು. ಅದಕ್ಕೆ ನೌಕರಿ ಬಿಡಬೇಕಾಗಿಲ್ಲ, ತಿಂಗಳಿಗೆರಡು ರವಿವಾರ ಸಾಕು.

ಪ್ರಯೋಗ ಕೆಡುವುದು ಹೆಚ್ಚಾಗಿ 3ರಿಂದ 5ನೇ ವಾರದಲ್ಲಿ. ಹೊಸತನ ಇಳಿದಿರುತ್ತದೆ, ಕೈ ಇನ್ನೂ ಕೂತಿರುವುದಿಲ್ಲ. ಈ ಮೂರು ವಾರದ ಅಂಕಿ ನೋಡಿ ಏನನ್ನೂ ತೀರ್ಮಾನಿಸಬೇಡಿ, ತಾಸು ಮಾತ್ರ ತುಂಬಿಸಿ. ಎರಡನೆಯ ಅಪಾಯ, ಶುರುವಾಗುವ ಮೊದಲೇ ಊರಿಗೆಲ್ಲ ಹೇಳುವುದು. ಹೊಗಳಿಕೆ ಮೊದಲೇ ಸಿಕ್ಕಿಬಿಟ್ಟರೆ ಕೆಲಸದ ಹಸಿವು ಕಡಿಮೆಯಾಗುತ್ತದೆ, ಬಿಟ್ಟರೆ ನಾಚಿಕೆ. ಮನೆಯವರು ಮತ್ತು ಒಬ್ಬ ಗೆಳೆಯ, ಇಷ್ಟು ಜನಕ್ಕೆ ಗೊತ್ತಿದ್ದರೆ ಸಾಕು. ಸಂಘದ ಕಾರ್ಯದರ್ಶಿ, ಜಾತ್ರಾ ಕಮಿಟಿಯ ಖಜಾಂಚಿ ಆಗಿ ಎಂದು ಕರೆ ಬಂದರೆ ಈ ಸಲ ಬೇಡ ಎನ್ನಿ. ಅದು ಇನ್ನೊಂದು ಮೀಟಿಂಗ್.

ಲೆಕ್ಕ ನೋಡುವ ದಿನ

14ನೇ ವಾರದ ಕೊನೆಯಲ್ಲಿ ಮೂರು ಅಂಕಿ ತೆಗೆಯಿರಿ. 55 ತಾಸಿನಲ್ಲಿ ಎಷ್ಟು ನಿಜಕ್ಕೂ ಆಯಿತು? ಪ್ರಯೋಗದ 6ನೇ ವಾರದಿಂದ ಈಚೆಗಿನ ಸರಾಸರಿ ಅಂಕಿ ಎಷ್ಟು? ನಿಮ್ಮ ಕೆಲಸದಿಂದ ಉಪಯೋಗ ಪಡೆದವರು ತಾವಾಗಿ ಎಷ್ಟು ಸಲ ಮತ್ತೆ ಬಂದರು, ಅಥವಾ ಕಲಿಕೆಯಾದರೆ ಗುರುಗಳು ಮುಂದಿನ ಪಾಠಕ್ಕೆ ಎಷ್ಟು ಸಲ ದಾಟಿಸಿದರು?

45 ತಾಸಿಗೆ ಮೇಲೆ, ಸರಾಸರಿ +1ಕ್ಕೆ ಮೇಲೆ ಇದ್ದರೆ ಇನ್ನೊಂದು ವರ್ಷ ವಾರಕ್ಕೆ 8 ತಾಸಿಗೆ ಏರಿಸಿ. ಕೆಲಸ ಬಿಡುವ ಪ್ರಶ್ನೆ ಆ ವರ್ಷದ ಕೊನೆಗೆ, 18 ತಿಂಗಳ ದುಡ್ಡು ಕೂಡಿದಾಗ. ಅಷ್ಟರಲ್ಲಿ ಬಹಳಷ್ಟು ಜನರಿಗೆ ಬಿಡುವ ಅಗತ್ಯವೇ ಕಾಣುವುದಿಲ್ಲ. ಇದ್ದ ಕಡೆಯೇ ತರಬೇತಿ ವಿಭಾಗ ಕೇಳಿಕೊಂಡು ಹೋಗುವುದಕ್ಕೆ ಆ ಸೂಪರ್‌ವೈಸರ್ ಬಳಿ ಈಗ ತೋರಿಸಲು 11 ವಾರದ ಕೆಲಸವಿದೆ. ತಾಸು ತುಂಬಿ ಅಂಕಿ ಬರದಿದ್ದರೆ ಆ ದಾರಿ ನಿಮ್ಮದಲ್ಲ, ವಹಿಯ ಎರಡನೇ ಹಸಿರು ಗೆರೆಗೆ ಹೋಗಿ. ತಾಸೇ ತುಂಬದಿದ್ದರೆ ಆಸಕ್ತಿಯನ್ನು ದೂರಬೇಡಿ, ವೇಳೆಯನ್ನು ಯಾರು ತಿಂದರು ಎಂದು ನೋಡಿ, ಅದೇ ಪ್ರಯೋಗವನ್ನು ಮತ್ತೆ ಮಾಡಿ.

ಈಗಾಗಲೇ ರಾಜೀನಾಮೆ ಕೊಟ್ಟಾಗಿದ್ದರೆ

ಗಾಬರಿ ಬೇಡ, ಕ್ರಮ ಸ್ವಲ್ಪ ಬದಲಾಗುತ್ತದೆ ಅಷ್ಟೆ. ಮೊದಲ ದಿನ ಆರೋಗ್ಯ ವಿಮೆ, ಎರಡನೇ ದಿನ ಖರ್ಚಿನ ಕಾಗದ. ಪಿಎಫ್ ದುಡ್ಡಿಗೆ ಅರ್ಜಿ ಹಾಕಬೇಡಿ. ಕಂತು ಕಟ್ಟಲಾಗದು ಎಂದು ಕಂಡರೆ ಒಂದೂ ತಪ್ಪುವ ಮುಂಚೆಯೇ ಬ್ಯಾಂಕಿನವರನ್ನು ಕಂಡು ಮಾತಾಡಿ, ತಪ್ಪಿದ ಮೇಲೆ ಅವರ ಕೈಯಲ್ಲೂ ಆಯ್ಕೆ ಕಡಿಮೆ. ಮುಂಜಾನೆ ಹಿಂದಿನ ಹೊತ್ತಿಗೇ ಎದ್ದು, ಜಳಕ ಮಾಡಿ, ಬುತ್ತಿ ಕಟ್ಟಿಕೊಂಡು ಮನೆಯಿಂದ ಹೊರಬೀಳಿ. ಸಾರ್ವಜನಿಕ ಗ್ರಂಥಾಲಯದ ಒಂದು ಕುರ್ಚಿ ಸಾಕು. ಅಲ್ಲಿ ಕೂತು ಹದಿನಾಲ್ಕು ದಿನದ ವಹಿಯ ಮೊದಲ ಸಾಲು ಬರೆಯಿರಿ: ವಾರ, ಹೊತ್ತು, ಅಂಕಿ.